ಕೊನೆಯ ಸೀಟಿನವರೆಗೆ

ಆರ್ವಿಲ್ ಟ್ವೇಟ್ ಬಾಗಿಲು ಮುಚ್ಚುವುದು ಒಂಬತ್ತೂವರೆಗೆ. ಒಂಬತ್ತು ಇಪ್ಪತ್ತೊಂಬತ್ತಕ್ಕೂ ಅಲ್ಲ, ಮೂವತ್ತೊಂದಕ್ಕೂ ಅಲ್ಲ. ಕಾಲೇಜಿನ ಹಳೆಯ ಗ್ರಂಥಾಲಯದ ಹಿಂಬದಿಯ ಪರೀಕ್ಷಾ ಕೊಠಡಿ ಹದಿನಾರು ವರ್ಷದಿಂದ ಅವನ ಕೈಯಲ್ಲಿತ್ತು. ಅಲ್ಲಿ ಹತ್ತು ಕಂಪ್ಯೂಟರು, ಎರಡು ಕ್ಯಾಮೆರಾ, ಸಾಲಾಗಿ ಲಾಕರುಗಳು, ಗೋಡೆಯ ಮೇಲೊಂದು ಗಡಿಯಾರ. ಕಾಲೇಜಿನ ಅಧ್ಯಕ್ಷರ ಸೋದರಳಿಯ ಒಮ್ಮೆ ಅರ್ಧ ನಿಮಿಷ ತಡವಾಗಿ ಬಂದು ಗಾಜಿಗೆ ಮೂಗು ಒತ್ತಿಕೊಂಡು ಗೋಗರೆದಿದ್ದ. ಆರ್ವಿಲ್ ಕ್ಯಾರೇ ಅನ್ನಲಿಲ್ಲ. ಅಂದಿನಿಂದ ಊರಿನವರು ಅವನನ್ನು 'ಗಡಿಯಾರ ಟ್ವೇಟ್' ಎಂದು ಕರೆಯುತ್ತಿದ್ದರು, ಅವನ ಎದುರಿಗೇ. ಅವನಿಗೆ ಅದು ಒಳಗೊಳಗೇ ಖುಷಿ.

ತರಗತಿಗೆ ಹೋಗದೆ, ತಾವೇ ಓದಿಕೊಂಡು, ಪರೀಕ್ಷೆ ಬರೆದು ಡಿಗ್ರಿಗೆ ಕ್ರೆಡಿಟ್ ಗಳಿಸುವವರು ಅವನಲ್ಲಿಗೆ ಬರುತ್ತಿದ್ದರು. ಸೈನ್ಯದಿಂದ ಬಂದವರು, ಎಣ್ಣೆ ಬಾವಿಯಲ್ಲಿ ಕೆಲಸ ಮಾಡುವವರು, ಮೂರು ಮಕ್ಕಳ ತಾಯಂದಿರು. ತರಗತಿಯಲ್ಲಿ ಕೂತು ಪಡೆದರೆ ಆರುನೂರು ಡಾಲರಿಗೂ ಹೆಚ್ಚು ತಗಲುವುದು ಇಲ್ಲಿ ನೂರಮೂವತ್ತಕ್ಕೆ ಮುಗಿಯುತ್ತದೆ. ಅಗ್ಗವಾಯಿತಲ್ಲ ಎಂದು ಹೇಳುವವರು ಆ ನೂರಮೂವತ್ತನ್ನು ಹೊಂದಿಸಿದವರಲ್ಲ ಬಿಡಿ. ನಪಾಸಾದರೂ, ನಡುವೆ ಎದ್ದು ಹೋದರೂ ಆ ದುಡ್ಡು ಹೋದಂತೆಯೇ. ಅದೇ ವಿಷಯವನ್ನು ಮತ್ತೆ ಬರೆಯಬೇಕಾದರೆ ಮೂರು ತಿಂಗಳು ಕಾಯಬೇಕು.

ಲವಾನ್ ಹೌಕ್ ಒಂಬತ್ತು ಪರೀಕ್ಷೆಗಳನ್ನು ಹೀಗೇ ಪಾಸು ಮಾಡಿದ್ದಳು. ಐವತ್ತೆರಡು ವರ್ಷದ ಹೆಂಗಸು, ಹನ್ನೊಂದನೇ ನಂಬರಿನ ಶಾಲಾ ಬಸ್ಸಿನ ಡ್ರೈವರು. ಹತ್ತೊಂಬತ್ತು ವರ್ಷದಿಂದ ಅದೇ ಕೆಲಸ. ಉಳಿದ ಕ್ರೆಡಿಟ್‌ಗಳನ್ನು ಸಂಜೆ ತರಗತಿಗಳಲ್ಲಿ ಒಂದೊಂದಾಗಿ ಕೂಡಿಸಿಕೊಂಡಿದ್ದಳು. ಮಧ್ಯಾಹ್ನ ಶಾಲೆಯಲ್ಲಿ ಒಂದನೇ ತರಗತಿಯ ಮಕ್ಕಳಿಗೆ ಓದಿಸಲು ಹೋಗುತ್ತಿದ್ದಳು. ಅಲ್ಲಿನ ಹಳೆಯ ಟೀಚರು ಈ ಬೇಸಿಗೆಗೆ ನಿವೃತ್ತಿಯಾಗುವವರಿದ್ದರು. "ಮೇ ಒಂದನೇ ತಾರೀಖಿನೊಳಗೆ ಡಿಗ್ರಿ ಮುಗಿಸಿದ್ದೀಯ ಅಂತ ಕಾಗದ ತಂದು ಕೊಡು, ಆ ತರಗತಿ ನಿಂದು. ಮಿಕ್ಕ ತರಬೇತಿ ಕೆಲಸ ಮಾಡ್ತಾ ಮಾಡ್ಕೊಬಹುದು. ಆ ತಾರೀಖು ದಾಟಿದ್ರೆ ಬೇರೆಯವರನ್ನ ತಗೋಬೇಕಾಗುತ್ತೆ, ನನ್ನ ಕೈಲಿಲ್ಲ" ಎಂದು ಪ್ರಿನ್ಸಿಪಾಲರು ಹೇಳಿದ್ದರು. ಇನ್ನು ಉಳಿದಿದ್ದು ಒಂದೇ ಪರೀಕ್ಷೆ, ಬೀಜಗಣಿತ. ಅವಳಿಗೆ ಅದನ್ನು ಕಂಡರೆ ಮೈಯೆಲ್ಲ ಉರಿ.

ಬೇರೆ ಊರಿನಲ್ಲಿ ಬ್ಯಾಸ್ಕೆಟ್‌ಬಾಲ್ ಪಂದ್ಯವಿದ್ದಾಗ ಮಕ್ಕಳನ್ನು ಕರೆದುಕೊಂಡು ಹೋದರೆ ಡ್ರೈವರಿಗೆ ಹೆಚ್ಚುವರಿ ಸಂಬಳ. ಎರಡು ಪಂದ್ಯ ಒಂದು ಪರೀಕ್ಷೆ, ಇದು ಅವಳ ಲೆಕ್ಕ. ಪಂದ್ಯ ನಡೆಯುವಾಗ ಒಳಾಂಗಣ ಕ್ರೀಡಾಂಗಣದ ಮೇಲಿನ ಮೆಟ್ಟಿಲಲ್ಲಿ ಕೂತು ಓದುವುದು. ಬಸ್ಸಿನಲ್ಲಿ ಮಕ್ಕಳು ಅವಳನ್ನು ಪರೀಕ್ಷೆ ಮಾಡುವುದು. ಇತಿಹಾಸದ ಪರೀಕ್ಷೆಯ ಸಮಯದಲ್ಲಿ ಎಂಟನೇ ತರಗತಿಯವರು ಹಿಂದಿನ ಸೀಟಿನಿಂದ ಇಸವಿ ಕೂಗುತ್ತಿದ್ದರಂತೆ, ಇವಳು ಸ್ಟಿಯರಿಂಗ್ ಹಿಡಿದುಕೊಂಡೇ ಯುದ್ಧದ ಹೆಸರು ಕೂಗುತ್ತಿದ್ದಳಂತೆ. ತಪ್ಪಿದರೆ ಇಡೀ ಬಸ್ಸು "ಹೋ" ಎನ್ನುತ್ತಿತ್ತಂತೆ. ಇದನ್ನೆಲ್ಲ ಅವಳೇ ಆರ್ವಿಲ್‌ಗೆ ಹೇಳಿದ್ದಳು. ಆರ್ವಿಲ್ ನಗಬಾರದೆಂದು ತುಟಿ ಬಿಗಿ ಹಿಡಿದಿದ್ದ.

ಪ್ರತಿ ಸಲವೂ ಅವಳು ಪ್ಲಮ್ ಹಣ್ಣು, ಕೆನೆ ತುಂಬಿದ ಕೂಹನ್ ಎಂಬ ಸಿಹಿ ತಿಂಡಿ ಬೇಯಿಸಿ ತರುತ್ತಿದ್ದಳು.

"ಪರೀಕ್ಷೆ ಬರೆಯೋರ ಹತ್ರ ತಿಂಡಿ ತಗೋಳೋ ಹಾಗಿಲ್ಲ, ಲವಾನ್."

"ಪರೀಕ್ಷೆ ಮುಗಿದ ಮೇಲೆ ನಾನು ಪರೀಕ್ಷೆ ಬರೆಯೋಳಲ್ವಲ್ಲ. ಮುಗಿಸ್ಕೊಂಡು ಬಂದು ಕೊಡ್ತೀನಿ ತಗೊಳ್ಳಿ."

"ಮುಂದಿನ ಸಲ ಮತ್ತೆ ಬರ್ತೀರಲ್ಲ."

"ಅಯ್ಯೋ ಪುಣ್ಯಾತ್ಮ, ಹಾಗಾದ್ರೆ ಕೊನೇ ಪರೀಕ್ಷೆ ದಿನ ಒಂದು ಇಡೀ ತಟ್ಟೆ ತರ್ತೀನಿ. ಅವತ್ತಾದ್ರೂ ಬಾಯಿ ತೆಗೀಬೇಕು ನೀವು."

ಆ ಕೊನೆಯ ಪರೀಕ್ಷೆ ಜನವರಿ ಒಂಬತ್ತನೇ ತಾರೀಖು, ಗುರುವಾರ ಇತ್ತು. ಸೊನ್ನೆಗಿಂತ ಇಪ್ಪತ್ತೆಂಟು ಡಿಗ್ರಿ ಕೆಳಗಿನ ಚಳಿ. ಮೂಗಿನೊಳಗಿನ ಕೂದಲು ಸೆಟೆದುಕೊಳ್ಳುವ ಚಳಿ. ಒಂಬತ್ತು ಇಪ್ಪತ್ತೇಳಕ್ಕೆ ಹಳದಿ ಬಸ್ಸು ಕಾಲೇಜಿನ ಅಂಗಳಕ್ಕೆ ನುಗ್ಗಿತು. ಲವಾನ್ ದಡದಡ ಇಳಿದು ಓಡಿ ಬಂದಳು. ಧಾನ್ಯದ ಗೂಡ್ಸ್ ರೈಲೊಂದು ಹಳಿಯ ಮೇಲೆ ಹನ್ನೊಂದು ನಿಮಿಷ ನಿಂತುಬಿಟ್ಟಿತ್ತಂತೆ. ಕೋಟು, ಫೋನು, ಬಸ್ಸಿನ ಕೀಲಿ, ಕೂಹನ್ ತಟ್ಟೆ ಎಲ್ಲ ಲಾಕರಿಗೆ ಹೋದವು. ಒಂಬತ್ತು ಇಪ್ಪತ್ತೊಂಬತ್ತಕ್ಕೆ ಅವಳು ನಾಲ್ಕನೇ ಕಂಪ್ಯೂಟರಿನ ಮುಂದೆ ಇದ್ದಳು. ಇನ್ನಿಬ್ಬರು ಬೇರೆ ವಿಷಯ ಬರೆಯುತ್ತಿದ್ದರು. ಆರ್ವಿಲ್ ಬಾಗಿಲು ಮುಚ್ಚಿದ.

ನಲವತ್ತು ನಿಮಿಷ ಕಳೆಯಿತು. ಆರ್ವಿಲ್ ಗಾಜಿನ ಆಚೆಯಿಂದ ಅವಳ ಬೆನ್ನನ್ನೇ ನೋಡುತ್ತಿದ್ದ. ಪೆನ್ಸಿಲು ಸರಸರ ಓಡುತ್ತಿತ್ತು. ಪರವಾಗಿಲ್ಲ, ಹೊಡೆದುಬಿಡುತ್ತಾಳೆ ಅಂದುಕೊಂಡ. ಅಷ್ಟರಲ್ಲಿ ಪೆನ್ಸಿಲು ನಿಂತಿತು. ನಿಂತದ್ದು ನಿಂತೇ ಇತ್ತು. ಆಮೇಲೆ ಅವಳು ಕೈ ಎತ್ತಿದಳು.

ಹೊರಗಿನ ಕೋಣೆಗೆ ಕರೆದು ಪಿಸುಮಾತಿನಲ್ಲಿ ಕೇಳಿದ. "ಏನಾಯ್ತು? ಹುಷಾರಿಲ್ವಾ?"

"ಬಸ್ಸು ನೋಡ್ಲಿಲ್ಲ ನಾನು."

"ಏನು?"

"ಮಕ್ಕಳು ಇಳಿದ ಮೇಲೆ ಕೊನೇ ಸೀಟಿನವರೆಗೂ ನಡ್ಕೊಂಡು ಹೋಗಿ ನೋಡ್ಬೇಕು, ಯಾರಾದ್ರೂ ಮಲಗಿದ್ದಾರಾ ಅಂತ. ದಿನಾ ನೋಡ್ತೀನಿ. ಇವತ್ತು ನೋಡ್ಲಿಲ್ಲ. ರೈಲಿಂದ ತಡ ಆಗಿತ್ತು, ಇಳಿಯೋವಾಗ ತಲೆ ಎಣಿಸ್ತಾ ಇದ್ದೆ, ಒಬ್ಬ ಸೂತ್ರ ಕೇಳ್ದ, ಎಣಿಕೆ ತಪ್ತು. ಈಗ ಒಂದು ಲೆಕ್ಕ ಮಾಡ್ದೆ, ಉತ್ತರ ಇಪ್ಪತ್ಮೂರು ಬಂತು. ಇಪ್ಪತ್ಮೂರು ಮಕ್ಕಳು ಹತ್ತಿದ್ರು ಆರ್ವಿಲ್. ಎಷ್ಟು ಜನ ಇಳಿದ್ರು ನಂಗೆ ಗೊತ್ತಿಲ್ಲ. ಬ್ರಿನ್ ಅಂತ ಒಂದು ಪುಟ್ಟ ಮಗು ಇದೆ, ಅವಳಮ್ಮಂಗೆ ಆಸ್ಪತ್ರೇಲಿ ರಾತ್ರಿ ಪಾಳಿ, ಅದು ದಿನಾ ಬಸ್ಸಲ್ಲೇ ನಿದ್ದೆ ಮಾಡುತ್ತೆ. ಕೀಲಿ ಕೊಡಿ."

ಹೊಸ ಬಸ್ಸುಗಳಲ್ಲಿ ಹಿಂದಿನವರೆಗೆ ಹೋಗಿ ಗುಂಡಿ ಒತ್ತದಿದ್ದರೆ ಕಿರುಚುವ ಯಂತ್ರವಿರುತ್ತದೆ. ಹನ್ನೊಂದನೇ ನಂಬರು ಅದಕ್ಕಿಂತ ಹಳೆಯದು.

ಆರ್ವಿಲ್‌ಗೆ ನಿಯಮ ಬಾಯಿಪಾಠ. "ಲಾಕರು ತೆಗೆದ್ರೆ ಪರೀಕ್ಷೆ ರದ್ದು. ಕಟ್ಟಡ ಬಿಟ್ಟು ಹೋದ್ರೂ ರದ್ದು. ಒಂದ್ನಿಮಿಷ ತಡೀರಿ, ಕಾವಲಿನವನಿಗೆ ಫೋನ್ ಮಾಡ್ತೀನಿ. ಇಲ್ಲಾ ಶಾಲೆಗೇ ಮಾಡಿ ಕೇಳೋಣ, ಆ ಮಗು ತರಗತೀಲಿ ಇದೆಯಾ ಅಂತ."

"ಅವರು ಫೋನ್ ಎತ್ತಿ, ಟೀಚರ್ನ ಕರೆದು, ಹುಡುಕಿ ಹೇಳೋಷ್ಟರಲ್ಲಿ ಐದು ನಿಮಿಷ. ಆಗ್ಲೇ ನಲವತ್ತು ಆಗಿದೆ. ಹೊರಗೆ ಹೇಗಿದೆ ಗೊತ್ತಲ್ಲ ನಿಮಗೆ? ಕೀಲಿ ಕೊಡಿ."

"ಮೂರು ತಿಂಗಳು ಹೋಗುತ್ತೆ, ಲವಾನ್. ಮೇ ಒಂದಕ್ಕೆ—"

"ಮೇ ಮನೆ ಹಾಳಾಯ್ತು! ತೆಗೀರಿ ಲಾಕರು!"

ಅವನು ತೆಗೆದ. ಅವಳು ಕೀಲಿ ಕಿತ್ತುಕೊಂಡು, ಕೋಟನ್ನು ಅಲ್ಲೇ ಬಿಟ್ಟು, ಓಡಿದಳು. ಒಳಗೆ ಇಬ್ಬರು ಬರೆಯುತ್ತಿದ್ದುದರಿಂದ ಅವನು ಹಿಂದೆ ಹೋಗುವಂತಿರಲಿಲ್ಲ. ಕಾವಲಿನವನಿಗೆ ಫೋನ್ ಮಾಡಿದ. ಅವನು ಎಲ್ಲೋ ಹಿಮದಲ್ಲಿ ಹೂತ ಕಾರು ಎಳೆಸುತ್ತಿದ್ದನಂತೆ, ಕಾಲು ಗಂಟೆ ಬೇಕಂತೆ. ಆರ್ವಿಲ್ ಕಿಟಕಿಗೆ ಬಂದು ನಿಂತ. ಸ್ವೆಟರಿನಲ್ಲೇ ಮಂಜುಗಡ್ಡೆಯ ಮೇಲೆ ಜಾರಿ, ಎದ್ದು, ಅವಳು ಬಸ್ಸು ಹತ್ತಿದಳು. ಗಾಜಿನಲ್ಲಿ ಅವಳ ತಲೆ ಮಾತ್ರ ಕಾಣುತ್ತಿತ್ತು. ಒಂದು ಸೀಟು, ಬಗ್ಗಿದಳು. ಎದ್ದಳು. ಎದುರು ಸೀಟು, ಬಗ್ಗಿದಳು. ಏಳನೇ ಸಾಲಿನಲ್ಲಿ ಬಗ್ಗಿದವಳು ಏಳಲೇ ಇಲ್ಲ. ಆರ್ವಿಲ್‌ಗೂ ಮಗಳ ಮಗುವೊಂದಿತ್ತು, ನಾಲ್ಕು ವರ್ಷದ್ದು. ದೇವರೇ, ದೇವರೇ, ಎಂದು ಕಿಟಕಿಯ ಕಟ್ಟೆ ಹಿಡಿದುಕೊಂಡ. ಆಮೇಲೆ ತಲೆ ಮೇಲೆದ್ದಿತು. ಎಂಟನೇ ಸಾಲು. ಒಂಬತ್ತು. ಕೊನೆಯವರೆಗೂ ಹೋದಳು. ಎಲ್ಲ ಸೀಟು ನೋಡಿಯಾಯಿತು ಎಂಬ ಗುರುತಿಗೆ ಹಿಂದಿನ ಗಾಜಿಗೆ 'ಖಾಲಿ' ಎಂಬ ಹಸಿರು ಫಲಕ ತೂಗಿತು.

ಮರಳಿ ಬಂದಾಗ ಅವಳ ತುಟಿ ನೀಲಿಯಾಗಿತ್ತು. ಅವಳು ನಗುತ್ತಿದ್ದಳು. ಕೈಯಲ್ಲಿ ಒಂದು ಕೆಂಪು ಕೈಗವಸು, ಮಗುವಿನದು.

"ಖಾಲಿ! ಯಾರೂ ಇಲ್ಲ ಆರ್ವಿಲ್, ಖಾಲಿ! ಇದೊಂದು ಸೀಟಿನ ಕೆಳಗೆ ಬಿದ್ದಿತ್ತು ಅಷ್ಟೆ." ಆಮೇಲೆ ಗಾಜಿನ ಆಚೆ ನಾಲ್ಕನೇ ಕಂಪ್ಯೂಟರನ್ನು ನೋಡಿದಳು. ಪರದೆ ಕಪ್ಪಾಗಿತ್ತು. "ಗೊತ್ತು, ಗೊತ್ತು, ನೀವೇನೂ ಹೇಳ್ಬೇಡಿ."

ಅವನು ತನ್ನ ಫ್ಲಾಸ್ಕಿನ ಕಾಫಿ ಬಗ್ಗಿಸಿ ಕೊಟ್ಟ. ಹದಿನಾರು ವರ್ಷದಲ್ಲಿ ಪರೀಕ್ಷೆಗೆ ಬಂದವರಿಗೆ ಅವನು ಏನಾದರೂ ಕೊಟ್ಟದ್ದು ಅದೇ ಮೊದಲು. ಅವಳು ಲೋಟವನ್ನು ಎರಡೂ ಕೈಯಲ್ಲಿ ಹಿಡಿದು ಕುಡಿದು ಮುಗಿಸಿದಳು. ಹೋಗುವಾಗ ಅವಳು ಕೂಹನ್ ತಟ್ಟೆಯನ್ನು ವಾಪಸು ತೆಗೆದುಕೊಂಡು ಹೋದಳು. "ಕೊನೇ ಪರೀಕ್ಷೆ ಅಲ್ವಲ್ಲ ಇದು" ಎಂದಳು.

ಅವಳು ಹೋದ ಮೇಲೆ ಆರ್ವಿಲ್ ವರದಿ ತುಂಬಲು ಕೂತ. ಅಭ್ಯರ್ಥಿ ಕಟ್ಟಡ ಬಿಟ್ಟು ಹೋದರು, ಪರೀಕ್ಷೆ ರದ್ದು. ಕಾರಣ ಎಂಬಲ್ಲಿ ಮೂರೇ ಆಯ್ಕೆ: ಅನಾರೋಗ್ಯ, ವೈಯಕ್ತಿಕ, ಇತರೆ. 'ಇತರೆ' ಒತ್ತಿದರೆ ವಿವರ ಬರೆಯಬೇಕು. ಬರೆದರೆ ಮೇಲಿನಿಂದ ಹತ್ತು ಪ್ರಶ್ನೆ ಬರುತ್ತವೆ. ಅವನು 'ವೈಯಕ್ತಿಕ' ಒತ್ತಿ ಕಳಿಸಿಬಿಟ್ಟ. ಕಳಿಸಿದ ಮರುಕ್ಷಣವೇ ಆ ಮಾತು ಅವನಿಗೆ ಚುಚ್ಚತೊಡಗಿತು. ಅವಳು ಯಾರ ಮಗುವಿಗಾಗಿ ಓಡಿದಳು, ಅದರಲ್ಲಿ ಅವಳ ಸ್ವಂತದ್ದು ಏನಿತ್ತು? ಥೂ, ನನ್ನ ಸೋಮಾರಿತನಕ್ಕಿಷ್ಟು ಎಂದು ತನ್ನನ್ನೇ ಬೈದುಕೊಂಡ. ಒಮ್ಮೆ ಹೋದ ವರದಿ ಹೋದದ್ದೇ.

ಫೆಬ್ರವರಿಯಲ್ಲಿ ಪಕ್ಕದೂರಿನ ಪಂದ್ಯಕ್ಕೆ ಅವನೂ ಹೋಗಿದ್ದ. ಬ್ಯಾಸ್ಕೆಟ್‌ಬಾಲ್ ಅವನಿಗೆ ಅಷ್ಟಕ್ಕಷ್ಟೆ, ಹಾಗಾದರೆ ಯಾಕೆ ಹೋಗುವುದು ಎಂದು ಅವನ ಹೆಂಡತಿ ಕೇಳುವಷ್ಟರಲ್ಲಿ ಕೋಟು ಹಾಕಿಕೊಂಡು ಹೊರಟಿದ್ದ. ಮೇಲಿನ ಮೆಟ್ಟಿಲಲ್ಲಿ ಲವಾನ್ ತೊಡೆಯ ಮೇಲೆ ಪುಸ್ತಕ ಇಟ್ಟುಕೊಂಡು ಕೂತಿದ್ದಳು. ಮಂಡಿನೋವು ಲೆಕ್ಕಿಸದೆ ಅವನು ಹತ್ತಿ ಹೋಗಿ ಒಂದು ಮಾರು ದೂರ ಬಿಟ್ಟು ಕೂತ.

"ಪರೀಕ್ಷೆ ಬಗ್ಗೆ ನಾನೇನೂ ಹೇಳೋ ಹಾಗಿಲ್ಲ" ಎಂದ.

"ಹೇಳ್ಬೇಕು ಅಂದ್ರೆ ಮೊದ್ಲು ನಿಮಗೆ ಬೀಜಗಣಿತ ಬರ್ಬೇಕಲ್ಲ ಮಹಾರಾಯರೇ."

ಅವನು ನಕ್ಕುಬಿಟ್ಟ. ಕೆಳಗೆ ಹುಡುಗಿಯರು ಚೆಂಡು ಬಡಿಯುತ್ತಿದ್ದರು, ಯಾರೋ ತಾಯಿ ರೆಫರಿಗೆ ಕಣ್ಣು ಕಾಣುವುದಿಲ್ಲವೇ ಎಂದು ಅರಚುತ್ತಿದ್ದಳು.

"ಒಂದು ಕೇಳ್ಲಾ?" ಎಂದ ಆರ್ವಿಲ್. "ಬೇಜಾರಾಗ್ಲಿಲ್ವಾ? ಕೊನೆಗೂ ಬಸ್ಸು ಖಾಲಿ ಇತ್ತಲ್ಲ."

ಅವಳು ಪುಸ್ತಕ ಮುಚ್ಚಿದಳು. "ಅವತ್ತು ಮನೆಗೆ ಹೋಗಿ ಗೊಳೋ ಅಂತ ಅತ್ತೆ. ಪರೀಕ್ಷೆ ಹೋಯ್ತಲ್ಲ ಅಂತ ಅಲ್ಲ. ಮರೆತೆನಲ್ಲ ಅಂತ. ಹತ್ತೊಂಬತ್ತು ವರ್ಷದಲ್ಲಿ ಒಂದೇ ಒಂದು ಸಲ ಮರೆತೆ, ಅದೂ ನನ್ನ ಸ್ವಂತ ಕೆಲಸದ ಗಡಿಬಿಡೀಲಿ. ಮಾರನೇ ದಿನ ಬೆಳಿಗ್ಗೆ ಹೋಗಿ ಡಿಪೋದಲ್ಲಿ ಹೇಳ್ದೆ."

"ಏನಂತ?"

"ಬಸ್ಸು ನೋಡ್ದೆ ಬಿಟ್ಟೆ ಅಂತ. ಸೂಪರ್‌ವೈಸರ್ ಬಾಯಿ ಬಾಯಿ ಬಿಟ್ಟ. 'ಯಾರಿಗೂ ಗೊತ್ತಿಲ್ಲ, ಏನೂ ಆಗಿಲ್ಲ, ಯಾಕೆ ಹೇಳ್ತೀಯ ಮಾರಾಯ್ತಿ' ಅಂದ. ಹೇಳಿದ್ಮೇಲೆ ಅವನೂ ಸುಮ್ನಿರೋ ಹಾಗಿಲ್ಲ, ಲಿಖಿತ ಎಚ್ಚರಿಕೆ ಕೊಟ್ಟ. ನನ್ನ ಹೆಸರಿಗೆ ಮೊದಲನೇದು." ಅವಳು ಮೂಗು ಒರೆಸಿಕೊಂಡಳು. "ನಾಳೆ ನಾನು ಟೀಚರಾಗಿ ಮಕ್ಕಳಿಗೆ ನಿಜ ಹೇಳಿ ಅಂತ ಯಾವ ಮುಖ ಇಟ್ಕೊಂಡು ಹೇಳ್ಲಿ ಇಲ್ಲಾಂದ್ರೆ?"

ಆರ್ವಿಲ್ ಅವಳ ಕಡೆ ತಿರುಗಿ ಕೂತ. ಎಂಥ ಹೆಂಗಸು ಇವಳು ಎಂದು ಎದೆ ತುಂಬಿ ಬಂತು. ಅವನು ತನ್ನ ವರದಿಯಲ್ಲಿ ಒಂದು ಸಾಲು ಬರೆಯಲು ಹೆದರಿದ್ದ. ಇವಳು ತನ್ನ ತಪ್ಪನ್ನು ತಾನೇ ಹೊತ್ತುಕೊಂಡು ಹೋಗಿ ಮೇಜಿನ ಮೇಲೆ ಇಟ್ಟು ಬಂದಿದ್ದಳು.

ಏಪ್ರಿಲ್ ಹತ್ತು. ಮತ್ತೆ ಗುರುವಾರ. ಇನ್ನೂರ ಅರವತ್ತು ಡಾಲರು ಆಯಿತು ಈ ಒಂದು ಬೀಜಗಣಿತಕ್ಕೆ, ನಾಲ್ಕು ಪಂದ್ಯ. ಈ ಸಲ ತಪ್ಪಿದರೆ ಮುಂದಿನ ಅವಕಾಶ ಜುಲೈಯಲ್ಲಿ, ಅಷ್ಟರಲ್ಲಿ ಆ ತರಗತಿ ಬೇರೆಯವರ ಪಾಲಾಗಿರುತ್ತದೆ. ಆರ್ವಿಲ್ ಎಂಟು ಗಂಟೆಗೇ ಬಂದು ನಾಲ್ಕನೇ ಕಂಪ್ಯೂಟರಿನ ಪರದೆ ಎರಡು ಸಲ ಒರೆಸಿದ. ಒಂಬತ್ತಕ್ಕೆ ಒಬ್ಬಳು ಬಂದಳು, ಎಲೀಸ್ ಎಂಬ ಮೂವತ್ತರ ಹೆಂಗಸು, ನರ್ಸಿಂಗ್ ಸೇರಲು ಮನಶ್ಶಾಸ್ತ್ರ ಬರೆಯುವವಳು. ಒಂಬತ್ತು ಹದಿನೈದು. ಇಪ್ಪತ್ತು. ಲವಾನ್ ಇಲ್ಲ. ದೂರದಿಂದ ಗೂಡ್ಸ್ ರೈಲಿನ ಸದ್ದು ಕೇಳಿಸಿತು. ಉದ್ದಕ್ಕೆ, ಮುಗಿಯದೆ, ಗಡಗಡ ಎಂದು ಹೋಗುತ್ತಲೇ ಇತ್ತು. ಇವತ್ತೂ ಅದೇ ಪೀಡೆ! ಅವನು ಹಲ್ಲು ಕಡಿದ.

ಒಂಬತ್ತು ಇಪ್ಪತ್ತೆಂಟಕ್ಕೆ ಹಳದಿ ಬಸ್ಸು ಅಂಗಳಕ್ಕೆ ಬಂತು. ನಿಂತಿತು. ಆರ್ವಿಲ್ ಕಿಟಕಿಯಲ್ಲಿ ಬಾಗಿದ. ಇಳಿಯುತ್ತಾಳೆ, ಓಡಿ ಬರುತ್ತಾಳೆ, ಒಂದೂವರೆ ನಿಮಿಷ ಸಾಕು, ಬಾ ಮಾರಾಯ್ತಿ, ಬಾ.

ಅವಳು ಇಳಿಯಲಿಲ್ಲ. ಸೀಟಿನಿಂದ ಎದ್ದು ಹಿಂದಕ್ಕೆ ತಿರುಗಿದಳು. ಶಾಲೆಯಲ್ಲಿ ಮಕ್ಕಳು ಇಳಿದಾಗ ಒಮ್ಮೆ ನೋಡಿರಲೇಬೇಕು, ಜನವರಿಯ ನಂತರ ಅವಳು ಎರಡೆರಡು ಸಲ ನೋಡುತ್ತಾಳೆಂದು ಊರಿಗೆಲ್ಲ ಗೊತ್ತಿತ್ತು. ಒಂದು ಸೀಟು, ಬಗ್ಗಿದಳು. ಎದ್ದಳು. ಎದುರು ಸೀಟು, ಬಗ್ಗಿದಳು. ಆತುರವಿಲ್ಲ. ಗಡಿಯಾರದ ಮುಳ್ಳು ಇಪ್ಪತ್ತೊಂಬತ್ತು ದಾಟಿತು. ಅವಳು ಐದನೇ ಸಾಲಿನಲ್ಲಿದ್ದಳು. ಬಸ್ಸಿಗೆ ಹದಿಮೂರು ಸಾಲು, ಅದನ್ನು ಆರ್ವಿಲ್ ಜನವರಿಯಲ್ಲೇ ಎಣಿಸಿದ್ದ.

ಒಂಬತ್ತೂವರೆ.

ಆರ್ವಿಲ್ ಬಾಗಿಲ ಹತ್ತಿರ ಹೋದ. ಹಿಡಿಯ ಮೇಲೆ ಕೈ ಇಟ್ಟ. ಮುಚ್ಚುವ ಸಮಯದಲ್ಲಿ ಬಾಗಿಲಲ್ಲಿ ಮೇಲ್ವಿಚಾರಕನೇ ನಿಂತಿದ್ದರೆ ಮುಚ್ಚುವುದಾದರೂ ಹೇಗೆ? ಅವನು ಹೊಸ್ತಿಲ ಮೇಲೆ ನಿಂತು, ಮಂಡಿ ನೋಯುತ್ತಿದ್ದರೂ ನಿಧಾನವಾಗಿ ಕೆಳಗೆ ಕೂತು, ಬೂಟಿಗೆ ಕೈ ಹಾಕಿದ.

ಎಲೀಸ್ ಕುತ್ತಿಗೆ ಉದ್ದ ಮಾಡಿ ನೋಡಿದಳು. "ಏನಾಯ್ತು ಸರ್? ಶುರು ಮಾಡಲ್ವಾ?"

"ಬೂಟಿನ ದಾರ ಬಿಚ್ಕೊಂಡಿದೆ ಕಣಮ್ಮಾ. ಕಟ್ಕೋತಿದೀನಿ."

ಅವಳು ಇನ್ನಷ್ಟು ಬಗ್ಗಿದಳು. "ಸರ್, ನಿಮ್ಮ ಬೂಟಿಗೆ ದಾರವೇ ಇಲ್ವಲ್ಲ."

"ಅದಕ್ಕೇ ತಡ ಆಗ್ತಿದೆ" ಎಂದ ಆರ್ವಿಲ್, ತಲೆ ಎತ್ತದೆ.

ಎಲೀಸ್ ಕಿಟಕಿಯ ಕಡೆ ನೋಡಿದಳು. ಹಳದಿ ಬಸ್ಸನ್ನೂ ಅದರೊಳಗೆ ಒಂದೊಂದೇ ಸಾಲು ಹಿಂದೆ ಸರಿಯುತ್ತಿದ್ದ ತಲೆಯನ್ನೂ ನೋಡಿದಳು. ಅವಳ ಮನೆಯೂ ಆ ಬಸ್ಸಿನ ದಾರಿಯಲ್ಲೇ ಇತ್ತು. "ಹಾಗಾದ್ರೆ ನಿಧಾನವಾಗಿ ಕಟ್ಕೊಳ್ಳಿ ಸರ್" ಎಂದು ಕುರ್ಚಿಗೆ ಒರಗಿ ಕೂತಳು. "ನಂಗೇನೂ ಅವಸರ ಇಲ್ಲ."

ಹಸಿರು ಫಲಕ ತೂಗಿತು. ಲವಾನ್ ಅಂಗಳ ದಾಟಿ ಬಂದಾಗ ಒಂಬತ್ತು ಮೂವತ್ತನಾಲ್ಕು. ಮುಖ ಬಿಳಿಚಿಕೊಂಡಿತ್ತು, ಬಾಗಿಲು ಮುಚ್ಚಿರುತ್ತದೆಂದು ಖಾತ್ರಿಯಾಗಿದ್ದವಳ ಮುಖ. ಹೊಸ್ತಿಲ ಮೇಲೆ ಕುಕ್ಕರುಗಾಲಲ್ಲಿ ಕೂತ ಆರ್ವಿಲ್‌ನನ್ನು ಕಂಡು ಅಲ್ಲೇ ನಿಂತಳು.

"ಏನ್ರೀ ಇದು ಅವತಾರ?"

"ಕೈ ಕೊಡಿ, ಎಬ್ಬಿಸಿ. ಆಮೇಲೆ ಒಳಗೆ ನಡೀರಿ, ಹೊತ್ತಾಯ್ತು" ಎಂದು ಅವನು ಗದರಿದ. ಅವಳು ಎಳೆದು ಎಬ್ಬಿಸಿದಳು. ಅವಳ ಕಣ್ಣಲ್ಲಿ ನೀರಿತ್ತು. ಅವನು ನೋಡದವನಂತೆ ಲಾಕರಿನ ಕಡೆ ತಿರುಗಿದ.

ತೊಂಬತ್ತು ನಿಮಿಷ. ಎಲೀಸ್ ಮೊದಲೇ ಮುಗಿಸಿ ಹೋದಳು. ಲವಾನ್ ಕೊನೆಯ ಕ್ಷಣದವರೆಗೂ ಬರೆದಳು, ಆಮೇಲೆ ಪರದೆಯ ಮುಂದೆ ಅಲ್ಲಾಡದೆ ಕೂತಳು. ಫಲಿತಾಂಶ ಅಲ್ಲೇ, ಆಗಲೇ ಬರುತ್ತದೆ. ಆರ್ವಿಲ್ ನೋಡುವಂತಿಲ್ಲ, ನೋಡಲೂ ಇಲ್ಲ. ಅವನು ನೆಲ ನೋಡುತ್ತಿದ್ದ. ಅವಳು ಎದ್ದದ್ದು ಕೇಳಿಸಿತು. ಆದರೆ ಅವಳು ಬಾಗಿಲ ಕಡೆ ಬರಲಿಲ್ಲ. ಐದನೇ ಕಂಪ್ಯೂಟರು, ಆರನೆಯದು, ಏಳನೆಯದು, ಒಂದೊಂದು ಕುರ್ಚಿಯ ಬೆನ್ನು ಮುಟ್ಟುತ್ತ ಕೊಠಡಿಯ ಕೊನೆಯವರೆಗೆ ಹೋಗಿ ತಿರುಗಿದಳು. ಆಗಲೇ ಅವಳಿಗೆ ತಾನೇನು ಮಾಡುತ್ತಿದ್ದೇನೆಂದು ಹೊಳೆದದ್ದು. ನಾಚಿಕೊಂಡು ನಕ್ಕಳು.

"ಅಭ್ಯಾಸಬಲ" ಎಂದಳು. ಆಮೇಲೆ ಮತ್ತೊಮ್ಮೆ ಪರದೆಯ ಕಡೆ ನೋಡಿದಳು. "ಐವತ್ತು ಬೇಕಿತ್ತು ಆರ್ವಿಲ್. ಐವತ್ತೊಂದು ಬಂತು."

"ಒಂದು ಜಾಸ್ತೀನೇ ಆಯ್ತಲ್ಲ" ಎಂದ ಅವನು.

ಅವಳು ಲಾಕರಿನಿಂದ ಕೂಹನ್ ತಟ್ಟೆ ತೆಗೆದು ಅವನ ಮೇಜಿನ ಮೇಲೆ ಇಟ್ಟಳು. ಅವನು ಅಲ್ಲೇ, ಕ್ಯಾಮೆರಾದ ಎದುರಿಗೇ, ಒಂದು ತುಂಡು ಮುರಿದು ಬಾಯಿಗೆ ಹಾಕಿಕೊಂಡ. ಪ್ಲಮ್ ಹುಳಿ, ಕೆನೆ ಸಿಹಿ.

ಬಸ್ಸು ಅಂಗಳ ಬಿಟ್ಟ ಮೇಲೆ ಆರ್ವಿಲ್ ದಿನದ ವರದಿ ತೆರೆದ. ಬಾಗಿಲು ಮುಚ್ಚಿದ ಸಮಯ: 9:34. ಕೆಂಪು ಅಕ್ಷರ ಮೂಡಿತು, ತಡಕ್ಕೆ ಕಾರಣ ಕೊಡಿ. ಅನಾರೋಗ್ಯ, ವೈಯಕ್ತಿಕ, ಇತರೆ. ಅವನು 'ಇತರೆ' ಒತ್ತಿದ. ಬೆರಳಿಗಂಟಿದ ಕೆನೆಯನ್ನು ನೆಕ್ಕಿಕೊಂಡು, ಒಂದೇ ಸಾಲು ಬರೆದು ಕಳಿಸಿದ.

"ಯಾರೂ ಹಿಂದೆ ಉಳಿದಿಲ್ಲವೇ ಎಂದು ನೋಡುತ್ತಿದ್ದೆ."